ಹಳೆಯ ಡೀಸೆಲ್ ಗಾಡಿ: ಎಷ್ಟು ಕಾಲ ಓಡಿಸುವುದು, ಬಿಡಿಭಾಗ ಹೇಗೆ ಮಾರುವುದು



ಹೋಟೆಲು ನಡೆಸುವವರಿಗೆ ಭಟ್ಟಿ, ಗ್ರೈಂಡರ್, ಫ್ರಿಜ್‌ಗಳಂತೆ ಗಾಡಿಯೂ ಒಂದು ಸಾಧನ. ಬೆಳಿಗ್ಗೆ ಮಾಲು ಬಾರದಿದ್ದರೆ ಮಧ್ಯಾಹ್ನದ ಊಟ ಇಲ್ಲ. ಆದರೂ ಗ್ರೈಂಡರಿನ ಕಲ್ಲಿಗೆ ಉಳಿ ಹೊಡೆಸಿದ್ದು ಯಾವಾಗ ಎಂದು ಕೇಳಿದರೆ ಥಟ್ಟನೆ ಹೇಳುವ ನಮ್ಮವರು, ಗಾಡಿಯ ಆಯಿಲ್ ಬದಲಿಸಿದ್ದು ಯಾವಾಗ ಎಂದರೆ ಡ್ರೈವರನ ಮುಖ ನೋಡುತ್ತಾರೆ. ಅಡುಗೆಮನೆಯ ಸಾಮಾನಿಗೆ ಕೊಡುವ ಗಮನವನ್ನು ಗಾಡಿಗೂ ಕೊಟ್ಟರೆ ಅದು ಎಷ್ಟು ಬಾಳುತ್ತದೆ, ಬಾಳಿ ಮುಗಿದ ಮೇಲೆ ಅದನ್ನು ಹೇಗೆ ಬೀಳ್ಕೊಡಬೇಕು ಎಂಬುದನ್ನು ನಮ್ಮ ಅನುಭವದಿಂದ ಇಲ್ಲಿ ಬರೆದಿದ್ದೇವೆ. ನಾವು ಮೆಕ್ಯಾನಿಕ್ ಅಲ್ಲ, ರಾತ್ರಿ ಶಾಲೆಯಲ್ಲಿ ಹತ್ತನೇ ತನಕ ಓದಿದವರು. ಆದರೆ ಗ್ಯಾರೇಜಿನಲ್ಲಿ ಸ್ಟೂಲು ಹಾಕಿ ಕುಳಿತು ನೋಡಿದ ಗಂಟೆಗಳು ಕಡಿಮೆಯೇನಲ್ಲ.

ನಮ್ಮವರಲ್ಲಿ ಅನೇಕರ ಬಳಿ ಈಗಲೂ ಟೊಯೋಟಾ ಕ್ವಾಲಿಸ್ ಇದೆ. 2000ದ ಜನವರಿಯಲ್ಲಿ ಬಂದ ಈ ಗಾಡಿ 2005ರಲ್ಲಿ ಇನ್ನೋವಾ ಬಂದಾಗ ನಿಂತಿತು. ಬಿಡದಿಯ ಕಾರ್ಖಾನೆಯಲ್ಲಿ ತಯಾರಾದದ್ದು, ಹಾಗಾಗಿ ನಮ್ಮ ನಾಡಿನದ್ದೇ ಎನ್ನಬಹುದು. ನಮ್ಮಲ್ಲಿ ಇಂತಹ ಎರಡು ಗಾಡಿ ಇದ್ದವು. ಒಂದು 2002ರಲ್ಲಿ, ಇನ್ನೊಂದು 2004ರಲ್ಲಿ ಖರೀದಿಸಿದ್ದು. ಎರಡಕ್ಕೂ ಒಂದೇ ಇಂಜಿನ್, 2446 ಸಿಸಿ, ಟರ್ಬೊ ಇಲ್ಲದ ಹಳೆಯ ಜಮಾನದ ಡೀಸೆಲ್. ಎರಡನ್ನೂ ನೋಡಿಕೊಂಡದ್ದು ಒಬ್ಬನೇ ಮಿಸ್ತ್ರಿ.

ಮೊದಲನೆಯದು ಫೋರ್ಟ್ ಬಿಟ್ಟು ದೂರ ಹೋದದ್ದು ಅಪರೂಪ. ಬೆಳಿಗ್ಗೆ ಸಸೂನ್ ಡಾಕಿಗೆ ಮೀನಿಗೆ, ಅಲ್ಲಿಂದ ಬಂದು ಕ್ರಾಫರ್ಡ್ ಮಾರ್ಕೆಟ್, ಮಧ್ಯಾಹ್ನ ಮಸ್ಜಿದ್ ಬಂದರಿನ ದಿನಸಿ. ಎರಡನೆಯದು ಕೇಟರಿಂಗ್ ಆರ್ಡರುಗಳಿಗೆ ಪನ್ವೇಲ್, ಲೋನಾವಳ, ವಾಶಿ ಎಂದು ತಿರುಗಿತು. ವರ್ಷಕ್ಕೆ ಮೂರು ನಾಲ್ಕು ಸಲ ಊರಿಗೂ ಹೋಗಿ ಬಂತು. ಮಂಗಳೂರಿಗೆ ಒಂದು ಕಡೆಗೆ ಸುಮಾರು 900 ಕಿಲೋಮೀಟರು. 2024ರಲ್ಲಿ ಮೊದಲನೆಯ ಗಾಡಿಯನ್ನು ಗುಜರಿಗೆ ಹಾಕಿದಾಗ ಅದರ ಮೀಟರಿನಲ್ಲಿ ಇದ್ದದ್ದು 2 ಲಕ್ಷದ 10 ಸಾವಿರ. ಎರಡನೆಯದು 4 ಲಕ್ಷದ 60 ಸಾವಿರ ದಾಟಿ ಇಂದೂ ಓಡುತ್ತಿದೆ. ಹೆಚ್ಚು ಓಡಿದ್ದು ಉಳಿಯಿತು, ಕಡಿಮೆ ಓಡಿದ್ದು ಹೋಯಿತು. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋಗುವವರು ಮೊದಲು ಮೀಟರಿಗೆ ಕಣ್ಣು ಹಾಕುವುದು ಎಷ್ಟು ನಿರರ್ಥಕ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಕಾರಣ ಏನೆಂದರೆ, ಡೀಸೆಲ್ ಇಂಜಿನಿಗೆ ದೂರದ ಓಟದಿಂದ ಅಪಾಯ ಕಡಿಮೆ, ಅರ್ಧ ಕಾದು ಆರುವುದರಿಂದ ಹೆಚ್ಚು. ಫೋರ್ಟ್‌ನಿಂದ ಕ್ರಾಫರ್ಡ್ ಮಾರ್ಕೆಟ್ ಎಷ್ಟು ದೂರ? ಇಂಜಿನ್ ಪೂರ್ತಿ ಬಿಸಿ ಆಗುವ ಮೊದಲೇ ಚಾವಿ ತಿರುಗಿಸಿ ಬಂದ್ ಮಾಡುತ್ತೇವೆ. ಪೂರ್ತಿ ಉರಿಯದ ಡೀಸೆಲ್, ನೀರಿನ ಆವಿ, ಮಸಿ ಎಲ್ಲವೂ ಆಯಿಲಿಗೆ ಇಳಿಯುತ್ತವೆ. ಊರಿನ ಓಟದಲ್ಲಿ ಇಂಜಿನ್ ಗಂಟೆಗಟ್ಟಲೆ ಒಂದೇ ಬಿಸಿಯಲ್ಲಿ ಇರುವುದರಿಂದ ಆವಿ ಹಾರಿಹೋಗುತ್ತದೆ. ಆದ್ದರಿಂದ ಪೇಟೆಯೊಳಗೆ ಓಡುವ ಗಾಡಿಯ ಆಯಿಲನ್ನು ಕಿಲೋಮೀಟರು ನೋಡಿ ಬದಲಿಸಬಾರದು, ತಿಂಗಳು ನೋಡಿ ಬದಲಿಸಬೇಕು. ನಾವು ಮೀನಿನ ಗಾಡಿಗೆ ನಾಲ್ಕು ತಿಂಗಳಿಗೊಮ್ಮೆ, ಊರಿನ ಗಾಡಿಗೆ 5,000 ಕಿಲೋಮೀಟರಿಗೊಮ್ಮೆ ಹಾಕಿಸುತ್ತ ಬಂದೆವು. ಜೊತೆಗೆ ಫಿಲ್ಟರ್ ಪ್ರತಿ ಸಲ. ಡೀಸೆಲ್ ಆಯಿಲ್ ಹಾಕಿದ ಎರಡೇ ದಿನಕ್ಕೆ ಕಪ್ಪಾಯಿತೆಂದು ಗಾಬರಿಯಾಗಬೇಕಿಲ್ಲ, ಈ ಇಂಜಿನಿನ ಸ್ವಭಾವವೇ ಅದು. ಕಪ್ಪು ಬಣ್ಣಕ್ಕೆ ಹೆದರುವ ಕಾರಣವಿಲ್ಲ. ಬೆರಳಲ್ಲಿ ತಿಕ್ಕಿದಾಗ ನೀರಿನಂತೆ ತೆಳ್ಳಗಾದರೆ, ಅಥವಾ ಹಾಲಿನ ಚಹಾದಂತೆ ಕಂಡರೆ ಮಾತ್ರ ಗಾಡಿ ನಿಲ್ಲಿಸಿ. ಮೊದಲನೆಯದು ಡೀಸೆಲ್ ಬೆರೆತ ಲಕ್ಷಣ, ಎರಡನೆಯದು ನೀರು ಬೆರೆತ ಲಕ್ಷಣ.

ಇಂಜಿನಿನ ಮಾತು ಮುಂದುವರಿಸುವ ಮೊದಲು ಮೀನಿನ ಗಾಡಿ ಏಕೆ ಹೋಯಿತೆಂದು ಹೇಳಬೇಕು. ಅದು ಇಂಜಿನಿನಿಂದ ಹೋದದ್ದಲ್ಲ.

ಉಪ್ಪುನೀರು ಎಂಬ ವೈರಿ

ಮೀನಿನ ಕ್ರೇಟಿನಿಂದ ಇಳಿಯುವುದು ಬರೇ ಐಸ್ ಕರಗಿದ ನೀರಲ್ಲ, ಉಪ್ಪುನೀರು. ಅದು ಮ್ಯಾಟಿನ ಕೆಳಗೆ ಸೇರಿ, ತಗಡಿನ ಜೋಡಣೆಗಳಿಗೆ ಇಳಿದು, ಅಲ್ಲಿಂದ ಚಾಸಿಸಿನ ಪೆಟ್ಟಿಗೆಯೊಳಗೆ ಹೋಗುತ್ತದೆ. ಕ್ವಾಲಿಸ್, ಸುಮೋ, ಬೊಲೆರೋ ಗಾಡಿಗಳಲ್ಲಿ ಬಾಡಿಯ ಕೆಳಗೆ ಏಣಿಯ ಆಕಾರದ ಚಾಸಿಸ್ ಬೇರೆಯೇ ಇರುತ್ತದೆ. ಗಾಡಿಯ ಬೆನ್ನೆಲುಬು ಇದೇ. ಇದರ ಉದ್ದದ ತೊಲೆಗಳು ಒಳಗೆ ಟೊಳ್ಳು. ಹೊರಗಿನಿಂದ ಬಣ್ಣ ಹೊಳೆಯುತ್ತಿದ್ದರೂ ಒಳಗಿನಿಂದ ತುಕ್ಕು ತಿನ್ನುತ್ತದೆ. ಕ್ವಾಲಿಸಿನ ಹಿಂದಿನ ಚಕ್ರಗಳಿಗೆ ಪಟ್ಟಿ ಸ್ಪ್ರಿಂಗ್ ಇರುವುದರಿಂದ ಆ ಸ್ಪ್ರಿಂಗ್ ಚಾಸಿಸಿಗೆ ಸಿಕ್ಕಿಸಿದ ಜಾಗವೇ ಮೊದಲು ಸಡಿಲಾಗುವುದು.

ಇದಕ್ಕೆ ನಾವು ಮಾಡಿಸಿದ ಉಪಾಯ ಹೆಚ್ಚಿನದೇನಲ್ಲ. ಹಿಂದಿನ ಸೀಟು ತೆಗೆದು ಸ್ಟೀಲಿನ ಟ್ರೇ ಮಾಡಿಸಿದೆವು, ನಮ್ಮ ಅಡುಗೆಮನೆಯ ಟೇಬಲು ಮಾಡಿದವನೇ ಮಾಡಿಕೊಟ್ಟ. ಟ್ರೇಯ ಮೂಲೆಯಲ್ಲಿ ಪೈಪು ಇಟ್ಟು ನೀರು ಕ್ಯಾನಿಗೆ ಇಳಿಯುವಂತೆ ಮಾಡಿದೆವು. ವಾರಕ್ಕೆರಡು ಸಲ ಮ್ಯಾಟು ತೆಗೆದು ಸಿಹಿನೀರಿನಿಂದ ತೊಳೆದು, ಬಾಗಿಲು ತೆರೆದಿಟ್ಟು ಒಣಗಿಸುವುದು. ಬಾಗಿಲಿನ ಕೆಳಗಿನ ಅಂಚಿನಲ್ಲಿ, ಚಾಸಿಸಿನ ಅಡಿಯಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಮಣ್ಣು ಕಟ್ಟಿದರೆ ನೀರು ಒಳಗೇ ನಿಲ್ಲುತ್ತದೆ. ಅಗರಬತ್ತಿಯ ಕಡ್ಡಿಯಿಂದ ಬಿಡಿಸಿದರೂ ಸಾಕು. ಮಳೆಗಾಲದ ಮೊದಲು ಅಂಡರ್‌ಕೋಟಿಂಗ್ ಮಾಡಿಸುವುದು ಒಳ್ಳೆಯದೇ, ಆದರೆ ತುಕ್ಕನ್ನು ಕೆರೆಯದೆ ಅದರ ಮೇಲೆಯೇ ಡಾಂಬರು ಬಳಿದರೆ ಗಾಯದ ಮೇಲೆ ಪಟ್ಟಿ ಕಟ್ಟಿ ಕೀವು ಮುಚ್ಚಿದಂತೆ. ಹಾಗೆ ಮಾಡುವ ಗ್ಯಾರೇಜುಗಳೇ ಹೆಚ್ಚು, ನಿಂತು ನೋಡಿ ಮಾಡಿಸಬೇಕು.

ಇಷ್ಟೆಲ್ಲ ಮಾಡಿಯೂ ಸಮುದ್ರದ ಗಾಳಿಯಲ್ಲಿ, ರಸ್ತೆಯ ಬದಿಯಲ್ಲೇ ನಿಲ್ಲುವ ಫೋರ್ಟಿನ ಗಾಡಿ 22 ವರ್ಷ ಮೀನು ಹೊತ್ತಿತು. ಕೊನೆಗೆ ಮಿಸ್ತ್ರಿ ಸಣ್ಣ ಸುತ್ತಿಗೆಯಿಂದ ಚಾಸಿಸ್ ತಟ್ಟುತ್ತ ಹೋದಾಗ ಒಂದು ಕಡೆ ಟಣ್ ಎನ್ನುವ ಬದಲು ಡಬ್ ಎಂದಿತು. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಯಿತು. ತೇಪೆ ಹಾಕಿ ವೆಲ್ಡಿಂಗ್ ಮಾಡುತ್ತೇವೆ ಎಂದು ಹೇಳುವವರು ಸಿಗುತ್ತಾರೆ. ಇಂಜಿನ್ ಬಿಚ್ಚಿ ಕಟ್ಟಬಹುದು, ಗೇರ್ ಬಾಕ್ಸ್ ಬದಲಿಸಬಹುದು, ಆದರೆ ಕೊಳೆತ ಚಾಸಿಸಿನ ಗಾಡಿಯಲ್ಲಿ ನಮ್ಮ ಹುಡುಗರನ್ನು ಕೂರಿಸಿ ಕಳುಹಿಸಲು ನಾವು ಒಪ್ಪಲಿಲ್ಲ.

ಬಿಸಿ, ಬೆಲ್ಟು, ಹೊಗೆ

ಇನ್ನು ಇಂಜಿನಿಗೆ ಬರೋಣ. ಹಳೆಯ ಡೀಸೆಲ್ ಇಂಜಿನನ್ನು ಕೊಲ್ಲುವುದು ಹೆಚ್ಚಾಗಿ ನೀರಿನ ಅವ್ಯವಸ್ಥೆ. ಚಹಾದ ಬೋಯ್ಲರಿನೊಳಗೆ ಬಿಳಿ ಸುಣ್ಣ ಕಟ್ಟುವುದನ್ನು ನಾವೆಲ್ಲ ಕಂಡವರು. ಕಟ್ಟಿದ ಮೇಲೆ ಗ್ಯಾಸು ಹೆಚ್ಚು ಬೇಕು, ನೀರು ಬೇಗ ಕಾಯುವುದಿಲ್ಲ. ರೇಡಿಯೇಟರಿಗೆ ನಲ್ಲಿ ನೀರು ಅಥವಾ ಬೋರ್‌ವೆಲ್ ನೀರು ಹಾಕುತ್ತ ಹೋದರೆ ಅಲ್ಲಿಯೂ ಇದೇ ಆಗುತ್ತದೆ, ಆದರೆ ಪರಿಣಾಮ ಉಲ್ಟಾ. ಇಂಜಿನಿನ ಬಿಸಿ ನೀರಿಗೆ ಇಳಿಯುವುದಿಲ್ಲ, ನೀರಿನ ಬಿಸಿ ಗಾಳಿಗೆ ಹೋಗುವುದಿಲ್ಲ. ಕೂಲೆಂಟ್ ಹಾಕುವುದು ತುಕ್ಕು ಮತ್ತು ಸುಣ್ಣ ಕಟ್ಟದಿರಲಿ ಎಂದು, ಬಣ್ಣಕ್ಕಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಇಳಿಸಿ ಹೊಸದು ಹಾಕಬೇಕು.

ಕ್ವಾಲಿಸಿನ ಇಂಜಿನಿಗೆ ಹೆಚ್ಚು ಬಿಸಿ ಸಹಿಸುವುದಿಲ್ಲ. ಒಮ್ಮೆ ಮುಳ್ಳು ಕೆಂಪಿಗೆ ಹೋಗಿ ಅದರಲ್ಲೇ ನಾಲ್ಕು ಮೈಲು ಓಡಿಸಿದರೆ ಹೆಡ್ ಬಿರುಕು ಬಿಡುತ್ತದೆ. ನಮ್ಮ ಡ್ರೈವರುಗಳಿಗೆ ಹೇಳಿಟ್ಟ ಮಾತು ಒಂದೇ: ಮುಳ್ಳು ಅರ್ಧ ದಾಟಿದರೆ ಎಲ್ಲಿದ್ದರೂ ನಿಲ್ಲಿಸು, ಆರ್ಡರ್ ತಡವಾದರೆ ಗಿರಾಕಿಗೆ ಉತ್ತರ ನಾವು ಕೊಡುತ್ತೇವೆ. ಮಾಲಕನ ಬೈಗುಳಕ್ಕೆ ಹೆದರಿ ಓಡಿಸಿಕೊಂಡು ಬರುವ ಡ್ರೈವರಿನಿಂದ ಆಗುವ ನಷ್ಟ ಆ ಆರ್ಡರಿನ ಲಾಭಕ್ಕಿಂತ ಎಷ್ಟೋ ಪಟ್ಟು. ನಿಲ್ಲಿಸಿದ ಕೂಡಲೇ ಮುಚ್ಚಳ ತೆಗೆಯಬಾರದು, ತಣ್ಣೀರು ಹೊಯ್ಯಬಾರದು. ಕಾದ ಕಾವಲಿಗೆ ನೀರು ಎರಚಿದರೆ ಏನಾಗುತ್ತದೆಂದು ದೋಸೆ ಹೊಯ್ಯುವವನಿಗೆ ಹೇಳಿಕೊಡಬೇಕಿಲ್ಲ.

ಎರಡನೆಯದು ಟೈಮಿಂಗ್ ಬೆಲ್ಟು. ಕ್ವಾಲಿಸಿನಲ್ಲೂ 2005ರ ನಂತರದ ಮೊದಲ ಇನ್ನೋವಾದಲ್ಲೂ ಚೈನ್ ಬದಲು ರಬ್ಬರಿನ ಬೆಲ್ಟ್ ಇದೆ. ಅದು ಶಬ್ದ ಮಾಡಿ ಮುನ್ಸೂಚನೆ ಕೊಡುವುದಿಲ್ಲ. ಕಡಿದುಹೋದ ಕ್ಷಣ ವಾಲ್ವ್ ಹೋಗಿ ಪಿಸ್ಟನಿಗೆ ಬಡಿಯುತ್ತದೆ, ಇಂಜಿನ್ ಬಿಚ್ಚಲೇಬೇಕು. ನಾವು ಒಂದು ಲಕ್ಷ ಕಿಲೋಮೀಟರಿಗೆ ಕಾಯುವುದಿಲ್ಲ, 80 ಸಾವಿರಕ್ಕೇ ಬದಲಿಸುತ್ತೇವೆ. ಕಡಿಮೆ ಓಡುವ ಗಾಡಿಯಾದರೆ ಐದಾರು ವರ್ಷಕ್ಕೊಮ್ಮೆ, ಏಕೆಂದರೆ ರಬ್ಬರ್ ಓಡದೆಯೂ ಒಣಗುತ್ತದೆ. ಬೆಲ್ಟಿನ ಜೊತೆ ಅದನ್ನು ಬಿಗಿ ಹಿಡಿಯುವ ಬೇರಿಂಗನ್ನೂ, ಅದೇ ಬಿಚ್ಚಿದ ಅವಕಾಶದಲ್ಲಿ ವಾಟರ್ ಪಂಪನ್ನೂ ನೋಡಿಬಿಡಬೇಕು. ಬದಲಿಸಿದ ತಾರೀಕು, ಮೀಟರ್ ಎರಡನ್ನೂ ಬಾನೆಟಿನ ಒಳಗೆ ಚೀಟಿ ಬರೆದು ಅಂಟಿಸಿ. ಡ್ರೈವರ್ ಬದಲಾಗುತ್ತಾನೆ, ಚೀಟಿ ಅಲ್ಲೇ ಇರುತ್ತದೆ.

ಹೊಗೆಯನ್ನು ಓದಲು ಕಲಿತರೆ ಮಿಸ್ತ್ರಿ ಹೇಳುವುದು ನಿಜವೋ ಸುಳ್ಳೋ ಎಂದು ಅರ್ಧ ತಿಳಿಯುತ್ತದೆ. ಕಪ್ಪು ಹೊಗೆ ಎಂದರೆ ಡೀಸೆಲಿಗೆ ತಕ್ಕ ಗಾಳಿ ಇಲ್ಲ: ಮೊದಲು ಏರ್ ಫಿಲ್ಟರ್ ನೋಡಿ, ಆಮೇಲೆ ನಾಝಲ್. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಜೊತೆಗೆ ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟಿನ ಅನುಮಾನ. ಬೆಳಿಗ್ಗೆ ಒಂದು ನಿಮಿಷ ಬಿಳಿ ಹೊಗೆ ಬಂದು ನಿಂತರೆ ಅದು ಹೆಚ್ಚಾಗಿ ಹೀಟರ್ ಪ್ಲಗ್ಗಿನ ಕೆಲಸ, ಖರ್ಚು ಅಲ್ಪ. ಇದಕ್ಕೆ ಇಂಜಿನ್ ಬಿಚ್ಚಬೇಕು ಎಂದು ಹೇಳುವವನ ಗ್ಯಾರೇಜಿನಿಂದ ಗಾಡಿ ಹೊರಗೆ ತನ್ನಿ. ಇಂಜಿನ್ ಕೆಲಸಕ್ಕೆ ಒಪ್ಪುವ ಮೊದಲು ಕಂಪ್ರೆಶನ್ ಗೇಜ್ ಹಾಕಿ ನಾಲ್ಕೂ ಸಿಲಿಂಡರಿನ ಅಂಕೆ ಬರೆದುಕೊಡಲು ಹೇಳಬೇಕು. ನಾಲ್ಕೂ ಹತ್ತಿರ ಹತ್ತಿರ ಇದ್ದರೆ ಇನ್ನೂ ಓಡಿಸಬಹುದು, ಒಂದೇ ಸಿಲಿಂಡರ್ ಬಿದ್ದಿದ್ದರೆ ಕಾರಣ ಹುಡುಕಿಸಬೇಕು.

ಡೀಸೆಲಿನ ವಿಷಯ ಸಣ್ಣದು. ಡೀಸೆಲ್ ಫಿಲ್ಟರಿನ ಕೆಳಗೆ ನೀರು ಇಳಿಸುವ ತಿರುಪು ಇರುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸಡಿಲಿಸಿ ನೀರು ತೆಗೆಯಿರಿ. ಈ ಪಂಪಿಗೆ ಜಾರುವಿಕೆ ಕೊಡುವುದೂ ಡೀಸೆಲೇ, ಆದ್ದರಿಂದ ಸೀಮೆಎಣ್ಣೆ ಬೆರೆತ ಅಗ್ಗದ ಮಾಲು ಹಾಕಿದರೆ ಪಂಪ್ ಸವೆಯುತ್ತದೆ. 2020ರ ಎಪ್ರಿಲ್‌ನಿಂದ ದೇಶದಾದ್ಯಂತ ಬಂದ ಭಾರತ್ ಸ್ಟೇಜ್ 6 ಡೀಸೆಲಿನಲ್ಲಿ ಗಂಧಕ ಹತ್ತು ಲಕ್ಷ ಪಾಲಿಗೆ 10 ಮಾತ್ರ. ಹಳೆಯ ಗಾಡಿ ಅದರಲ್ಲಿ ಚೆನ್ನಾಗಿಯೇ ಓಡುತ್ತದೆ. ಪಂಪಿನ ಹಳೆಯ ರಬ್ಬರ್ ಸೀಲುಗಳು ಒಣಗಿ ಡೀಸೆಲ್ ಒಸರಿದರೆ ಸೀಲುಗಳನ್ನಷ್ಟೇ ಬದಲಿಸಿ, ಪಂಪನ್ನಲ್ಲ. ಇನ್ನೋವಾ ಇರುವವರು ಮಾತ್ರ ಫಿಲ್ಟರಿನಲ್ಲಿ ಜಿಪುಣತನ ಮಾಡಬಾರದು, ಅದರ ಕಾಮನ್ ರೈಲ್ ನಾಝಲುಗಳಿಗೆ ಸೂಕ್ಷ್ಮ ಧೂಳೂ ನೀರೂ ಸಾಕು.

ಪ್ರಾಸಂಗಿಕವಾಗಿ ಒಂದು ಮಾತು. 19 ಕಿಲೋ ಗ್ಯಾಸ್ ಸಿಲಿಂಡರನ್ನು ಗಾಡಿಯ ಹಿಂದೆ ಹಾಕಿಕೊಂಡು ಆರ್ಡರಿಗೆ ಹೋಗುವ ಅಭ್ಯಾಸ ನಮ್ಮವರಲ್ಲಿ ಇದೆ. ಮುಚ್ಚಿದ ಗಾಡಿಯಲ್ಲಿ ಹುಡುಗರೂ ಸಿಲಿಂಡರೂ ಒಟ್ಟಿಗೆ ಹೋಗುವುದು ಅತ್ಯಂತ ಅಪಾಯ. ಸಿಲಿಂಡರಿಗೆ ಬೇರೆ ಟೆಂಪೊ ಮಾಡಿ.

ಇಟ್ಟುಕೊಳ್ಳಬೇಕೇ, ತೆಗೆಯಬೇಕೇ

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ, ಆ ಮೇಲೆ ಐದೈದು ವರ್ಷಕ್ಕೆ ನವೀಕರಣ. ಅವಧಿ ಮುಗಿಯುವ ಮೊದಲಿನ 60 ದಿನಗಳೊಳಗೆ ಫಾರ್ಮ್ 25 ಕೊಟ್ಟು, ನಮ್ಮ ಫೋರ್ಟಿನವರಾದರೆ ತಾರ್ದೇವ್ ಆರ್‌ಟಿಒ ಎದುರು ಗಾಡಿ ತೋರಿಸಬೇಕು. 600 ರೂಪಾಯಿ ಇದ್ದ ಕಾರಿನ ನವೀಕರಣ ಶುಲ್ಕ 2022ರ ಎಪ್ರಿಲ್ 1ರಿಂದ 5,000 ಆಯಿತು. ತಡವಾದರೆ ತಿಂಗಳಿಗೆ 500 ಹೆಚ್ಚುವರಿ. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ಮಾಡಲಾಯಿತು. ಇದರ ಮೇಲೆ ಮಹಾರಾಷ್ಟ್ರದ ಪರಿಸರ ತೆರಿಗೆ ಬೇರೆ. ಪಿಯುಸಿ ಹಳೆಯ ಗಾಡಿಗೆ ಆರು ತಿಂಗಳಿಗೊಮ್ಮೆ.

ದೆಹಲಿಯ ಸುದ್ದಿ ಓದಿ ಕೆಲವರು ಹೆದರಿ ಗಾಡಿ ಮಾರಿದ್ದಾರೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ನಿರ್ಬಂಧಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2015ರ ಆದೇಶವೂ ಸುಪ್ರೀಂ ಕೋರ್ಟಿನ 2018ರ ಆದೇಶವೂ ಕಾರಣ. ಅದು ಮುಂಬಯಿಗೆ ಅನ್ವಯಿಸಿದ್ದಲ್ಲ. ಇಲ್ಲಿ ಟ್ಯಾಕ್ಸಿಗಳಿಗೆ ಮಾತ್ರ 20 ವರ್ಷದ ಮಿತಿ. ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿಗೆ ಮುಗಿದದ್ದು ಆ ಮಿತಿಯಿಂದಲೇ. ಆದರೆ 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು, ಪೆಟ್ರೋಲ್ ಡೀಸೆಲ್ ಗಾಡಿಗಳನ್ನು ಹಂತಹಂತವಾಗಿ ತೆಗೆಯುವುದು ಸಾಧ್ಯವೇ ಎಂದು ನೋಡಲು ಸಮಿತಿ ಮಾಡಲು ರಾಜ್ಯಕ್ಕೆ ಹೇಳಿದೆ ಎಂಬುದನ್ನೂ ಮರೆಯಬಾರದು. ಹೊಸದಾಗಿ ದೊಡ್ಡ ಖರ್ಚು ಹಾಕುವ ಮೊದಲು ಇದು ಲೆಕ್ಕದಲ್ಲಿ ಇರಲಿ.

ನಮ್ಮ ಲೆಕ್ಕ ಇಷ್ಟೇ. ಚಾಸಿಸ್ ಗಟ್ಟಿಯಿದ್ದು, ಕಾಗದ ಸರಿಯಿದ್ದು, ಬಿಡಿಭಾಗ ಸಿಗುತ್ತಿರುವ ತನಕ ರಿಪೇರಿ ಖರ್ಚು ಹೊಸ ಗಾಡಿಯ ಬಡ್ಡಿಗಿಂತ ಕಡಿಮೆಯೇ ಬರುತ್ತದೆ. ಚಾಸಿಸ್ ಹೋದರೆ ಲೆಕ್ಕ ಹಾಕುವ ಅಗತ್ಯವೇ ಇಲ್ಲ. ಟೈರು, ಎಸಿ, ಸೀಟು ಇವುಗಳ ಖರ್ಚನ್ನು ನೋಡಿ ಗಾಡಿ ತೆಗೆಯುವವರು ಅವಸರದವರು.

ಬಿಡಿಭಾಗದ ವ್ಯವಹಾರ

ಹಳೆಯ ಗಾಡಿ ಇಟ್ಟುಕೊಂಡವನು ಕೊಳ್ಳುವವನೂ ಹೌದು, ಮಾರುವವನೂ ಹೌದು. ಕೊಳ್ಳುವಾಗ ಬೆಲ್ಟು, ಬ್ರೇಕಿನ ರಬ್ಬರ್, ಹೋಸ್, ಬೇರಿಂಗ್, ಫಿಲ್ಟರುಗಳನ್ನು ಒಪೇರಾ ಹೌಸಿನ ಬಿಲ್ ಕೊಡುವ ಅಂಗಡಿಯಿಂದ ಹೊಸತೇ ತನ್ನಿ. ಬಾಗಿಲು, ಗಾಜು, ದೀಪ, ಬಾನೆಟ್, ಆಲ್ಟರ್ನೇಟರ್, ಸ್ಟಾರ್ಟರ್, ಗೇರ್ ಬಾಕ್ಸ್ ಇವನ್ನು ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಹಳೆಯದು ತಂದರೂ ನಡೆಯುತ್ತದೆ. ಆದರೆ ಬಿಲ್ ಇಲ್ಲದ ಸಾಮಾನು ಎಷ್ಟೇ ಅಗ್ಗವಾದರೂ ಬೇಡ, ಕದ್ದ ಗಾಡಿಯದ್ದೋ ಏನೋ. ಹಳೆಯ ಇಂಜಿನ್ ಕೊಂಡರೆ ಅದರ ನಂಬರನ್ನು ಆರ್‌ಟಿಒದಲ್ಲಿ ಆರ್‌ಸಿಗೆ ಏರಿಸಲೇಬೇಕು. ಏರಿಸದಿದ್ದರೆ ಮುಂದಿನ ನವೀಕರಣದಲ್ಲಿ ಸಿಕ್ಕಿಬೀಳುತ್ತೀರಿ, ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದೂ ಅದನ್ನೇ.

ಮಾರುವ ವಿಷಯದಲ್ಲಿ ನಮ್ಮವರು ಬಹಳ ಉದಾಸೀನ. ನಮ್ಮ ಪರಿಚಯದ ಹೋಟೆಲು ಮಾಲಕರೊಬ್ಬರು ಓಡದ ಗಾಡಿಯನ್ನು ಮನೆ ಬಾಗಿಲಿಗೆ ಬಂದ ಭಂಗಾರ್‌ವಾಲನಿಗೆ ನಗದಿಗೆ ಕೊಟ್ಟರು. ಕೈಯಲ್ಲಿ ಸಾದಾ ಕಾಗದದ ಚೀಟಿ, ಹೆಸರೂ ಸರಿಯಿಲ್ಲ. ಭಂಗಾರ್‌ವಾಲ ಅದನ್ನು ಒಡೆಯಲಿಲ್ಲ. ಎರಡು ವರ್ಷದ ಮೇಲೆ ಬೇರೆ ಜಿಲ್ಲೆಯ ಪೊಲೀಸ್ ಠಾಣೆಯಿಂದ ಫೋನು ಬಂತು: ನಿಮ್ಮ ನಂಬರಿನ ಗಾಡಿ ಒಬ್ಬನಿಗೆ ಗುದ್ದಿ ಓಡಿಹೋಗಿದೆ. ದಾಖಲೆಯಲ್ಲಿ ಮಾಲಕ ಇವರೇ. ಗಲ್ಲಾದ ಮೇಲೆ ಕೂರಬೇಕಾದವರು ಎಷ್ಟೋ ತಿಂಗಳು ವಕೀಲರ ಆಫೀಸಿನ ಬೆಂಚಿನಲ್ಲಿ ಕೂತರು.

ಕಾನೂನು ಈ ಬಗ್ಗೆ ಸ್ಪಷ್ಟವಾಗಿದೆ. ಗಾಡಿ ಮಾರಿಯಾಗಿದ್ದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಹೇಳಿದೆ. 1988ರ ಮೋಟಾರು ವಾಹನ ಕಾಯಿದೆಯ 55ನೇ ಕಲಮಿನ ಪ್ರಕಾರ ಗಾಡಿ ನಾಶವಾದರೆ ಅಥವಾ ಶಾಶ್ವತವಾಗಿ ಉಪಯೋಗಕ್ಕೆ ಬಾರದಂತಾದರೆ ಮಾಲಕ 14 ದಿನಗಳೊಳಗೆ ಅಥವಾ ಆದಷ್ಟು ಬೇಗ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಿಕೊಳ್ಳಬೇಕು. ಗಾಡಿ ಸತ್ತರೂ ನಂಬರ್ ಬದುಕಿದ್ದರೆ ಹೊಣೆಯೂ ಬದುಕಿರುತ್ತದೆ.

2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ನೋಂದಾಯಿತ ಗುಜರಿ ಕೇಂದ್ರಗಳ ನಿಯಮ ತಂದ ಮೇಲೆ ದಾರಿ ಸುಲಭವಾಗಿದೆ. ಅಂತಹ ಕೇಂದ್ರಕ್ಕೆ ಗಾಡಿ ಒಪ್ಪಿಸಿದರೆ ಮೊದಲು ಠೇವಣಿ ಪ್ರಮಾಣಪತ್ರ, ಒಡೆದ ಮೇಲೆ ಒಡೆದ ಪ್ರಮಾಣಪತ್ರ ಸಿಗುತ್ತದೆ. ಠೇವಣಿ ಪ್ರಮಾಣಪತ್ರ ತೋರಿಸಿದರೆ ಹೊಸ ಗಾಡಿಯ ನೋಂದಣಿ ಶುಲ್ಕ ಮಾಫಿ, ಖಾಸಗಿ ಗಾಡಿಯ ರಸ್ತೆ ತೆರಿಗೆಯಲ್ಲಿ ರಾಜ್ಯಗಳು 25 ಶೇಕಡಾದವರೆಗೆ ರಿಯಾಯಿತಿ ಕೊಡಬಹುದು. ಹೊಸ ಗಾಡಿ ಬುಕ್ ಮಾಡುವ ದಿನವೇ ನಮ್ಮ ರಾಜ್ಯದ ದರ ಎಷ್ಟೆಂದು ಡೀಲರನಿಂದ ಬರೆಸಿಕೊಳ್ಳಿ. 2025ರ ಎಪ್ರಿಲ್ 1ರಿಂದ ಜಾರಿಯಾದ ಇನ್ನೊಂದು ನಿಯಮದ ಪ್ರಕಾರ ಆಯುಷ್ಯ ಮುಗಿದ ಗಾಡಿಯನ್ನು 180 ದಿನಗಳೊಳಗೆ ಒಪ್ಪಿಸಬೇಕು. ಗಲ್ಲಿಯಲ್ಲಿ ಮುಚ್ಚಿಟ್ಟು ಇಲಿಗಳಿಗೆ ಮನೆ ಮಾಡಿಕೊಡುವ ಕಾಲ ಮುಗಿಯಿತು.

ಕೇಂದ್ರದವರು ಬೆಲೆ ಕಟ್ಟುವುದು ಹೆಚ್ಚಾಗಿ ಲೋಹದ ತೂಕಕ್ಕೆ. ಕೆಲಸ ಮಾಡುವ ಆಲ್ಟರ್ನೇಟರೂ ಕೆಟ್ಟ ಆಲ್ಟರ್ನೇಟರೂ ಅಲ್ಲಿ ಒಂದೇ. ಆದ್ದರಿಂದ ನಾವು ಗಾಡಿ ಒಪ್ಪಿಸುವ ಮೊದಲು ಕೇಂದ್ರಕ್ಕೆ ಹೋಗಿ, ಏನೇನು ಬಿಚ್ಚಿಕೊಳ್ಳುತ್ತೇವೆ, ಅದಕ್ಕೆ ಎಷ್ಟು ಕಡಿತ ಎಂದು ಕಾಗದದ ಮೇಲೆ ಮಾತಾಡಿದೆವು. ಇಂಜಿನ್ ಬ್ಲಾಕು, ಚಾಸಿಸ್, ನಂಬರ್ ಪ್ಲೇಟು ಇವನ್ನು ಮುಟ್ಟಲಿಲ್ಲ. ಆಲ್ಟರ್ನೇಟರ್, ಸ್ಟಾರ್ಟರ್, ಡೀಸೆಲ್ ಪಂಪ್, ನಾಝಲುಗಳು, ರೇಡಿಯೇಟರ್, ಎಸಿ ಕಂಪ್ರೆಸರ್, ಬಾಗಿಲಿನ ಗಾಜುಗಳು, ದೀಪಗಳು, ಹಿಂದಿನ ಬಾಗಿಲು ಬಿಚ್ಚಿಸಿ ಇಟ್ಟುಕೊಂಡೆವು. ಬ್ರೇಕಿನ ಸಾಮಾನು, ಸೀಟ್ ಬೆಲ್ಟ್, ಸ್ಟೀರಿಂಗಿನ ಜೋಡಣೆಗಳನ್ನು ಬಿಚ್ಚಲೂ ಇಲ್ಲ, ಮಾರಲೂ ಇಲ್ಲ. ಇನ್ನೊಬ್ಬರ ಜೀವದ ಮೇಲೆ ಹೋಗುವ ಸಾಮಾನನ್ನು ಹಳೆಯದಾಗಿ ಮಾರುವುದು ಹಳಸಿದ ಸಾಂಬಾರು ಬಡಿಸಿದಂತೆ.

ಬಿಚ್ಚಿದ ಸಾಮಾನಿಗೆ ಬೆಲೆ ಬರುವುದು ಅದನ್ನು ಇಡುವ ಕ್ರಮದಿಂದ. ಪಂಪ್ ಮತ್ತು ನಾಝಲಿನ ತೂತುಗಳಿಗೆ ಬಿರಡೆ ಹಾಕಿ ಪ್ಲಾಸ್ಟಿಕಿನಲ್ಲಿ ಸುತ್ತಬೇಕು, ಒಂದು ಕಣ ಮರಳು ಹೋದರೂ ಪಂಪು ಗುಜರಿಯೇ. ಗಾಜನ್ನು ನಿಲ್ಲಿಸಿ ಇಡಬೇಕು, ಮಲಗಿಸಿದರೆ ಒಡೆಯುತ್ತದೆ. ಪ್ರತಿ ಸಾಮಾನಿಗೆ ಚೀಟಿ: ಯಾವ ಗಾಡಿಯದ್ದು, ಯಾವ ವರ್ಷ, ಬಿಚ್ಚಿದಾಗ ಕೆಲಸ ಮಾಡುತ್ತಿತ್ತೇ. ಬಿಚ್ಚುವ ಮೊದಲು ಗಾಡಿ ಸ್ಟಾರ್ಟ್ ಮಾಡಿ ಮೊಬೈಲಿನಲ್ಲಿ ಚಿತ್ರೀಕರಿಸಿದರೆ ಕೊಳ್ಳುವವನಿಗೆ ನಂಬಿಕೆ. ನಾವು ಕೊಡುವ ಬಿಲ್ಲಿನಲ್ಲಿ ಹಳೆಯ ಗಾಡಿಯ ನಂಬರ್, ಕೊಂಡವರ ಹೆಸರು, ಹಣ ಸಂದಾಯದ ವಿವರ ಬರೆದು, ಒಡೆದ ಪ್ರಮಾಣಪತ್ರದ ನಕಲು ಜೊತೆಗೆ ಸೇರಿಸುತ್ತೇವೆ. ಅಂಗಡಿಯವನಿಗೆ ಒಟ್ಟಿಗೆ ಕೊಟ್ಟರೆ ಅವನು ಹೇಳಿದ್ದೇ ಬೆಲೆ. ಇದೇ ಗಾಡಿ ಓಡಿಸುವವರಿಗೆ ಒಂದೊಂದಾಗಿ ಕೊಟ್ಟರೆ ನಿಧಾನ, ಆದರೆ ಬೆಲೆ ಬರುತ್ತದೆ. ನಮ್ಮ ಸಾಮಾನಿನಲ್ಲಿ ಅರ್ಧ ಊರಿನ ಕಡೆಯ ಕ್ವಾಲಿಸ್ ಮಾಲಕರಿಗೇ ಹೋಯಿತು, ಬಸ್ ಪಾರ್ಸೆಲಿನಲ್ಲಿ.

ಇನ್ನು ಕೊನೆಯ ಕಾಗದಗಳು. ಗಾಡಿಯ ಮೇಲೆ ಸಾಲ ಇದ್ದಿದ್ದರೆ, ತೀರಿ ಹತ್ತು ವರ್ಷವಾಗಿದ್ದರೂ, ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿರಬೇಕು, ಇಲ್ಲದಿದ್ದರೆ ಇಲ್ಲಿಗೇ ಬಂದು ನಿಲ್ಲುತ್ತದೆ. ಬಾಕಿ ಚಲನ್‌ಗಳನ್ನು ಕಟ್ಟಬೇಕು. ಗಾಡಿ ತೀರಿಹೋದ ತಂದೆಯ ಹೆಸರಿನಲ್ಲಿದ್ದರೆ ಮೊದಲು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ನಮ್ಮಲ್ಲಿ ಇಂತಹ ಗಾಡಿಗಳು ಕಡಿಮೆಯಿಲ್ಲ. ಒಡೆದ ಪ್ರಮಾಣಪತ್ರ ಕೈಗೆ ಬಂದ ಮೇಲೆ ಆರ್‌ಟಿಒ ದಾಖಲೆಯಲ್ಲಿ ನೋಂದಣಿ ರದ್ದಾಗಿದೆಯೇ ಎಂದು ಸ್ವತಃ ನೋಡಿ, ಏಜೆಂಟನ ಮಾತಿನ ಮೇಲೆ ಬಿಡಬೇಡಿ. ಫಾಸ್ಟ್‌ಟ್ಯಾಗ್ ಬಂದ್ ಮಾಡಿಸಿ ಉಳಿದ ಹಣ ವಾಪಸ್ ಪಡೆಯಿರಿ. ವಿಮೆ ಕಂಪೆನಿಗೆ ಬರೆದು ಪಾಲಿಸಿ ರದ್ದು ಮಾಡಿಸಿ.

ನಮ್ಮ ಹತ್ತಿರ ಈಗ ಉಳಿದಿರುವುದು ಕ್ವಾಲಿಸಿನ ಒಂದು ರೇಡಿಯೇಟರ್, ಎಡಬದಿಯ ಎರಡು ಬಾಗಿಲ ಗಾಜು, ಹಿಂದಿನ ಬಾಗಿಲು. ಬೇಕಾದ ಸದಸ್ಯರು ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದ ಮೇಲೆ, ನಾಲ್ಕು ಗಂಟೆಯ ಹೊತ್ತಿಗೆ ಬಂದರೆ ತೋರಿಸುತ್ತೇವೆ. ಬರುವಾಗ ಅವರ ಗಾಡಿಯ ಆರ್‌ಸಿಯ ನಕಲು ತರಬೇಕು.